ಅಪ್ಪ-ಅಮ್ಮನ ಗ್ರೀನ್ ಕಾರ್ಡಿಗೆ ಆನ್‌ಲೈನ್ ಐ-130: ಫಾರ್ಮ್ ಸಲೀಸು, ತೊಡಕೆಲ್ಲ ಹೆಸರಿನದ್ದು

ಅಮೆರಿಕದ ಪೌರತ್ವ ಪಡೆದವರು ಊರಿನಲ್ಲಿರುವ ತಂದೆ-ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಲು ಹಾಕುವ ಮೊದಲ ಅರ್ಜಿಯೇ ಐ-130. ಕಾಗದದಲ್ಲಿ ಕಳಿಸಿದರೆ 675 ಡಾಲರ್, ಅಲ್ಲಿನ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನ ಆನ್‌ಲೈನ್ ಖಾತೆಯಲ್ಲೇ ತುಂಬಿದರೆ 625. ಐವತ್ತು ಡಾಲರ್ ಉಳಿಯುವುದು ಚಿಕ್ಕ ಮಾತು. ಮುಂದೆ ಅವರು ಇನ್ನೊಂದು ದಾಖಲೆ ಕೇಳಿದಾಗ ಅಂಚೆಗೆ ಓಡದೆ ಅದೇ ಖಾತೆಯಲ್ಲಿ ಉತ್ತರ ಕೊಡಬಹುದು, ಅದೇ ದೊಡ್ಡ ಅನುಕೂಲ. ಫಾರ್ಮಿಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಅದರ ಮುಂದಿನ ಹಂತವಾದ, ವೀಸಾ ಅರ್ಜಿ ತುಂಬುವ ಸಿಇಎಸಿ ಪೋರ್ಟಲಿಗೆ ಎರಡೂವರೆ ಕೊಟ್ಟರೂ ಹೆಚ್ಚೇ.

ಅರ್ಜಿ ಹಾಕುವವರು ಪೌರರಾಗಿರಬೇಕು, 21 ತುಂಬಿರಬೇಕು. ಬರೀ ಗ್ರೀನ್ ಕಾರ್ಡ್ ಇದ್ದರೆ ತಂದೆ-ತಾಯಿಗೆ ಹಾಕಲು ಬರುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಅರ್ಜಿ, ಅಂದರೆ 1,250 ಡಾಲರ್. ಇವರಿಗೆ ವಾರ್ಷಿಕ ಕೋಟಾ ಇಲ್ಲ. ಒಡಹುಟ್ಟಿದವರಿಗೂ ಇದೇ ಫಾರ್ಮ್, ಇದೇ ಶುಲ್ಕ. ಆದರೆ ಸರದಿ ಎಲ್ಲಿಗೆ ಬಂತೆಂದು ತಿಳಿಸುವ 2025ರ ವೀಸಾ ಬುಲೆಟಿನ್‌ಗಳಲ್ಲಿ ಭಾರತದ ಎಫ್4 (ಒಡಹುಟ್ಟಿದವರ ವರ್ಗ) ಸರದಿ ಇನ್ನೂ 2006ರ ಅರ್ಜಿಗಳ ಹತ್ತಿರವೇ ಇತ್ತು. ತಮ್ಮನಿಗೂ ಹಾಕಿಬಿಡೋಣ ಅಂತಿದ್ದರೆ ಹಾಕಿ, ಆದರೆ ಇವತ್ತು ಅಂಗನವಾಡಿಗೆ ಹೋಗುವ ಅವನ ಮಗು ಆ ಸರದಿ ಬರುವಷ್ಟರಲ್ಲಿ 21 ದಾಟಿ ಲೆಕ್ಕದಿಂದ ಹೊರಗೆ ಬಿದ್ದಿರಬಹುದು.

ಅರ್ಧ ತುಂಬಿದ ಫಾರ್ಮ್ ಕೊನೆಯ ಬಾರಿ ಮುಟ್ಟಿದ ದಿನದಿಂದ 30 ದಿನ ಉಳಿಯುತ್ತದೆ, ಆಮೇಲೆ ಮಾಯ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಪಾಸ್‌ವರ್ಡ್ ಹಾಕಿದ ಪಿಡಿಎಫ್ ಒಪ್ಪುವುದಿಲ್ಲ. ಎಲ್ಲಕ್ಕಿಂತ ದುಬಾರಿ ತಪ್ಪು ಒಂದೇ ಪ್ರಶ್ನೆಯಲ್ಲಿ ಅಡಗಿದೆ: ತಂದೆ-ತಾಯಿ ಅಮೆರಿಕದೊಳಗೇ ಇದ್ದು ಸ್ಟೇಟಸ್ ಬದಲಿಸಿಕೊಂಡು ಗ್ರೀನ್ ಕಾರ್ಡ್ ಪಡೆಯುತ್ತಾರೋ, ಹೊರಗಿನ ಕಾನ್ಸುಲೇಟಿನಲ್ಲಿ ವೀಸಾ ಪಡೆಯುತ್ತಾರೋ? ಊರಿನಲ್ಲಿರುವವರಿಗೆ ಕಾನ್ಸುಲೇಟ್, ಮುಂಬೈ ಎಂದು ಬರೆಯಿರಿ. ಕಣ್ತಪ್ಪಿ ಮೊದಲನೆಯದನ್ನು ಒತ್ತಿದರೆ ಅರ್ಜಿ ಮಂಜೂರಾದರೂ ಕಡತ ಮುಂದಿನ ವೀಸಾ ಕೆಲಸ ನೋಡುವ ಎನ್‌ವಿಸಿಗೆ (ನ್ಯಾಷನಲ್ ವೀಸಾ ಸೆಂಟರ್) ಹೋಗದೆ ಅಲ್ಲೇ ಕೂರುತ್ತದೆ. ಅದನ್ನು ಎಬ್ಬಿಸಲು ಐ-824 ಎಂಬ ಇನ್ನೊಂದು ಅರ್ಜಿ, ಇನ್ನೊಂದು ಶುಲ್ಕ, ಮತ್ತಷ್ಟು ತಿಂಗಳು. ಫಾರ್ಮ್ ಇಲ್ಲೊಂದು ಎಚ್ಚರಿಕೆ ಕೊಟ್ಟಿದ್ದರೆ ಐದಕ್ಕೆ ಐದು ಕೊಡಬಹುದಿತ್ತು.

ನಮ್ಮ ಕಡೆಯವರಿಗೆ ನಿಜವಾದ ಕೆಲಸ ಲಾಗಿನ್ ಆಗುವ ಮೊದಲೇ ಇದೆ. ತಾಯಿಯ ಅರ್ಜಿಗೆ ಆಧಾರ ಮಗನ ಅಥವಾ ಮಗಳ ಜನನ ಪ್ರಮಾಣಪತ್ರ. ನಾಮಕರಣಕ್ಕೆ ಮುಂಚೆಯೇ ನೋಂದಣಿಯಾದ ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಕಾಲಂ ಖಾಲಿ ಇರುತ್ತದೆ. ಹೆಸರು ಇದ್ದರೂ ಅಮ್ಮ ಅದರಲ್ಲಿ ‘ಸಾವಿತ್ರಮ್ಮ’, ಪಾಸ್‌ಪೋರ್ಟಿನಲ್ಲಿ ‘ಸಾವಿತ್ರಿ ಕೃಷ್ಣಮೂರ್ತಿ’. ಅಧಿಕಾರಿಯ ಕಣ್ಣಿಗೆ ಇವರು ಇಬ್ಬರು ಹೆಂಗಸರು. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ, ‘ಬಳಸಿದ ಇತರ ಹೆಸರುಗಳು’ ಎಂಬಲ್ಲಿ ಎಲ್ಲ ರೂಪಗಳನ್ನೂ ಬರೆಯಿರಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಬೀಳುತ್ತದೆ. ಆ ಮೂರಕ್ಷರ ಮುಂದೆ ಡ್ರೈವಿಂಗ್ ಲೈಸೆನ್ಸ್‌ವರೆಗೂ ಬೆನ್ನು ಬಿಡುವುದಿಲ್ಲ, ಆದ್ದರಿಂದ ಪಾಸ್‌ಪೋರ್ಟನ್ನೇ ಮೊದಲು ಸರಿಮಾಡಿಸುವುದು ಒಳ್ಳೆಯದು.

ತಂದೆಯ ಅರ್ಜಿಗೆ ಇದರ ಜೊತೆ ಅವರಿಬ್ಬರ ಮದುವೆಯ ದಾಖಲೆಯೂ ಬೇಕು. ನಲವತ್ತು ವರ್ಷದ ಹಿಂದಿನ ಮದುವೆಯನ್ನು ಈಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ ಆ ಒಂದು ಕಾಗದದ ಮೇಲೆ ಭಾರ ಹಾಕಬೇಡಿ, ಲಗ್ನಪತ್ರಿಕೆ, ಮದುವೆ ಫೋಟೋ, ಹಳೆಯ ರೇಷನ್ ಕಾರ್ಡ್ ಸೇರಿಸಿ. 1970ಕ್ಕೆ ಮುಂಚೆ ಹುಟ್ಟಿದ ಹೆತ್ತವರಿಗೆ ಜನನ ಪತ್ರವೇ ಇಲ್ಲದಿರುವುದು ಮಾಮೂಲು. ನೋಂದಣಿ ಸಿಕ್ಕಿಲ್ಲ ಎಂಬ ಅಲಭ್ಯತಾ ಪ್ರಮಾಣಪತ್ರ, ಶಾಲೆಯ ಟಿಸಿ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬಂಧುಗಳಲ್ಲಿ ಹಿರಿಯರ ಅಫಿಡವಿಟ್ ಒಟ್ಟಿಗೆ ಇಡಬೇಕು. ಕನ್ನಡದ ದಾಖಲೆಗೆ ಪೂರ್ತಿ ಇಂಗ್ಲಿಷ್ ಅನುವಾದ, ಕೆಳಗೆ ‘ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಿದೆ’ ಎಂದು ಅನುವಾದಕರ ಸಹಿ. ಯುಎಸ್‌ಸಿಐಎಸ್‌ಗೆ ಇದರ ಮೇಲೆ ನೋಟರಿ ಸೀಲು ಬೇಕಿಲ್ಲ, ದುಡ್ಡು ಸುರಿಯಬೇಡಿ.

ಮಂಜೂರಾದ ಕಡತ ಎನ್‌ವಿಸಿಗೆ ಹೋದ ಮೇಲೆ ಸಿಇಎಸಿ ಶುರು. ತಲೆಗೆ 325 ಡಾಲರ್ ವೀಸಾ ಶುಲ್ಕ, ಐ-864 ಜಾಮೀನು ಪತ್ರದ ಪರಿಶೀಲನೆಗೆ 120. ಮೊದಲು ಶುಲ್ಕ ಜಮೆಯಾಗಬೇಕು, ಆಮೇಲಷ್ಟೇ ವಲಸೆ ವೀಸಾದ ಅರ್ಜಿಯಾದ ಡಿಎಸ್-260 ತೆರೆಯುತ್ತದೆ. ಐ-864ರಲ್ಲಿ ಅರ್ಜಿ ಹಾಕಿದವರ ಆದಾಯ ಅಮೆರಿಕದ ಬಡತನ ರೇಖೆಯ 125% ಆದರೂ ಇರಬೇಕು. ದಂಪತಿ, ಎರಡು ಮಕ್ಕಳು, ಜೊತೆಗೆ ಅಪ್ಪ-ಅಮ್ಮ, ಹೀಗೆ ಆರು ಜನ ಎಂದು ಲೆಕ್ಕ ಹಿಡಿದರೆ 2025ರ ಪಟ್ಟಿಯಂತೆ ಸುಮಾರು 53,900 ಡಾಲರ್. ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಪತ್ರ) ಪಾಸ್‌ಪೋರ್ಟ್ ಸೇವಾ ಮೂಲಕವೇ ಬರಬೇಕು, 500 ರೂಪಾಯಿ. ಠಾಣೆಯವರು ಬರೆದುಕೊಟ್ಟ ಪತ್ರ ನಡೆಯುವುದಿಲ್ಲ. ಅಪ್ಪ ಗಲ್ಫ್‌ನಲ್ಲಿ ವರ್ಷಕ್ಕಿಂತ ಹೆಚ್ಚು ದುಡಿದಿದ್ದರೆ ಆ ದೇಶದ ಪೊಲೀಸ್ ಪತ್ರಕ್ಕೂ ಈಗಲೇ ಬರೆದುಕೊಳ್ಳಿ.

ವೈದ್ಯಕೀಯ ತಪಾಸಣೆ ಕಾನ್ಸುಲೇಟ್ ಒಪ್ಪಿದ ವೈದ್ಯರಲ್ಲೇ ಆಗಬೇಕು. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡರೆ ಕಫ ಕಲ್ಚರಿಗೆ ಹೋಗುತ್ತದೆ, ಅದರ ವರದಿಗೆ ಎಂಟು ವಾರ. ಹಾಗಾಗಿ ವಿಮಾನದ ಟಿಕೆಟ್ ವೀಸಾ ಕೈಗೆ ಬಂದ ಮೇಲೆಯೇ ಮಾಡಿಸಿ. ಹೊರಡುವ ಮುಂಚೆ 235 ಡಾಲರ್ ಇಮಿಗ್ರೆಂಟ್ ಶುಲ್ಕವನ್ನೂ ಆನ್‌ಲೈನ್‌ನಲ್ಲೇ ಕಟ್ಟಬೇಕು. ಕಟ್ಟದಿದ್ದರೂ ಏರ್‌ಪೋರ್ಟಿನಲ್ಲಿ ಒಳಗೆ ಬಿಡುತ್ತಾರೆ, ಕಾರ್ಡ್ ಮಾತ್ರ ಮನೆಗೆ ಬರುವುದಿಲ್ಲ.