ಲೋಡ್ ಫ್ಲೋ ಲೆಕ್ಕಕ್ಕೆ ತಂತಿಯ ಬಿಸಿ ಎಷ್ಟು ಹಿಡಿಯಬೇಕು: 20, 75, ಇಲ್ಲಾ ಆವತ್ತಿನ ಹವೆ?

ಪುಣೆಯಲ್ಲಿ ನನ್ನ ಕೆಲಸವೇ ಲೋಡ್ ಫ್ಲೋ ಸ್ಟಡಿ, ಅಂದರೆ ಯಾವ ವಿದ್ಯುತ್ ಲೈನಿನಲ್ಲಿ ಎಷ್ಟು ಪವರ್ ಹರಿಯುತ್ತದೆ, ಎಲ್ಲಿ ಎಷ್ಟು ವೋಲ್ಟೇಜ್ ಇರುತ್ತದೆ ಅಂತ ಲೆಕ್ಕ ಹಾಕುವುದು. ಕಳೆದ ಏಪ್ರಿಲ್‌ನಲ್ಲಿ ಟೀಮಿಗೆ ಹೊಸದಾಗಿ ಸೇರಿದ ಧಾರವಾಡದ ಹುಡುಗ ಕೇಳಿದ, "ಹೊರಗ 40 ಡಿಗ್ರಿ ಬಿಸಿಲೈತಿ, ನಾವ್ ಯಾಕ್ರೀ ಸರ್ ತಂತಿ 20 ಡಿಗ್ರಿ ಅಂತ ಲೆಕ್ಕ ಹಾಕ್ತೀವಿ?" ಒಳ್ಳೆಯ ಪ್ರಶ್ನೆ. ಇಬ್ಬರೂ ಕೂತು ಮೂರು ರೀತಿಯಲ್ಲಿ ಮಾಡಿ ನೋಡಿದೆವು.

ಮಾದರಿ ಸರಳ. 132 ಕೆ.ವಿ. ಲೈನ್, 30 ಕಿ.ಮೀ., ಪ್ಯಾಂಥರ್ ಕಂಡಕ್ಟರ್ (ಒಳಗೆ ಉಕ್ಕು, ಸುತ್ತ ಅಲ್ಯೂಮಿನಿಯಂ ಇರುವ ತಂತಿ), 300 ಆಂಪಿಯರ್. 20 ಡಿಗ್ರಿಯಲ್ಲಿ ಇದರ ರೆಸಿಸ್ಟೆನ್ಸ್ ಕಿ.ಮೀ.ಗೆ ಸುಮಾರು 0.14 ಓಮ್. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ರೆಸಿಸ್ಟೆನ್ಸ್ ಶೇ. 0.4ರಷ್ಟು ಏರುತ್ತದೆ.

ಮೊದಲು ಕ್ಯಾಟಲಾಗಿನ 20 ಡಿಗ್ರಿ ರೆಸಿಸ್ಟೆನ್ಸನ್ನೇ ಹಾಕಿದೆವು. ಲಾಸ್, ಅಂದರೆ ತಂತಿಯಲ್ಲೇ ಶಾಖವಾಗಿ ಪೋಲಾಗುವ ಪವರ್, 1.13 ಮೆಗಾವ್ಯಾಟ್. ಆಮೇಲೆ 75 ಡಿಗ್ರಿ ಹಾಕಿದೆವು, ಈ ಕಂಡಕ್ಟರಿಗೆ ಸಾಮಾನ್ಯವಾಗಿ ಇಡುವ ಮೇಲ್ಮಿತಿ ಅದು. ಲಾಸ್ 1.38 ಆಯಿತು. ಒಂದೇ ಲೈನು, ಒಂದೇ ಲೋಡು, ನಡುವೆ ಶೇ. 22ರಷ್ಟು ಅಂತರ!

ಮೂರನೆಯದು ಪಾಂಡಾಪವರ್ ಅನ್ನುವ ಲೋಡ್ ಫ್ಲೋ ಸಾಫ್ಟ್‌ವೇರಿನಲ್ಲಿ ಮಾಡಿದ್ದು. ಅದರಲ್ಲಿ ಪ್ರತಿ ಲೈನಿಗೂ ಗಾಳಿಯ ವೇಗ, ಅದು ಬೀಸುವ ಕೋನ, ಹೊರಗಿನ ಬಿಸಿ, ಬಿಸಿಲು ಎಲ್ಲ ಕೊಡಬಹುದು. ಕರೆಂಟಿನಿಂದ ಮತ್ತು ಬಿಸಿಲಿನಿಂದ ತಂತಿಗೆ ಬರುವ ಶಾಖ ಎಷ್ಟು, ಗಾಳಿ ಮತ್ತು ವಿಕಿರಣದಿಂದ ಹೋಗುವ ಶಾಖ ಎಷ್ಟು ಅಂತ ತೂಗಿ, ತಂತಿಯ ಬಿಸಿ ಕಂಡುಹಿಡಿದು, ರೆಸಿಸ್ಟೆನ್ಸ್ ತಿದ್ದಿ, ಮತ್ತೆ ಪವರ್ ಫ್ಲೋ ಓಡಿಸಿ, ಎರಡೂ ಹೊಂದುವವರೆಗೂ ಸುತ್ತುತ್ತದೆ. ಏಪ್ರಿಲ್ ಮಧ್ಯಾಹ್ನ, 40 ಡಿಗ್ರಿ, ಗಾಳಿ ಸೆಕೆಂಡಿಗೆ 0.6 ಮೀಟರ್: ತಂತಿ 59ರ ಹತ್ತಿರ ಬಂತು, ಲಾಸ್ 1.31. ಡಿಸೆಂಬರ್ ರಾತ್ರಿ, 12 ಡಿಗ್ರಿ, ಅದೇ ಗಾಳಿ, ಬೇಕಂತಲೇ ಅದೇ ಲೋಡ್: ತಂತಿ 21, ಲಾಸ್ 1.14.

ಅಂದರೆ 20ರ ಲೆಕ್ಕ ಚಳಿಗಾಲದ ರಾತ್ರಿಗೆ ಸರಿ, ಬೇಸಿಗೆಗೆ ಮೋಸ. ಅದೂ ಎಲ್ಲರ ಮನೆಯ ಎಸಿ ಓಡುವ ಹೊತ್ತಲ್ಲೇ ತಪ್ಪುತ್ತದೆ, ಅಲ್ವಾ? 75 ಹಿಡಿದರೆ ಒಂದು ಗಂಟೆಯ ಲೆಕ್ಕದಲ್ಲಿ ಭಯವಿಲ್ಲ, ಆದರೆ ಇಡೀ ವರ್ಷದ ಲಾಸ್ ಲೆಕ್ಕಕ್ಕೂ ಅದನ್ನೇ ಬಳಸಿದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಹಿಂದೆ ಒಂದು ಕಡೆಗೆ ನಾನೇ ಅಂಥ ರಿಪೋರ್ಟ್ ಕೊಟ್ಟಿದ್ದೆ, ಈಗಲೂ ಬೇಜಾರಿದೆ.

ಗಾಳಿಯ ವಿಷಯ ಮಾತ್ರ ಕಣ್ಣು ತೆರೆಸಿತು. ಅದೇ ಏಪ್ರಿಲ್ ಮಧ್ಯಾಹ್ನ ಗಾಳಿ 0.6ರಿಂದ 2 ಮೀಟರ್ ಆದರೆ ಸಾಕು, ತಂತಿ 51ಕ್ಕೆ ಇಳಿಯುತ್ತದೆ. ಆದರೆ ಅದು ತಂತಿಗೆ ಅಡ್ಡಲಾಗಿ ಬೀಸಬೇಕು, ಉದ್ದಕ್ಕೇ ಬೀಸಿದರೆ ತಂಪು ಅರ್ಧಕ್ಕಿಂತ ಕಡಿಮೆ.

ವೋಲ್ಟೇಜ್ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. 132 ಕೆ.ವಿ.ಯಲ್ಲಿ ರಿಯಾಕ್ಟೆನ್ಸ್ (ತಂತಿಯ ಕಾಂತಕ್ಷೇತ್ರದಿಂದ ಎಸಿ ಕರೆಂಟಿಗೆ ಬರುವ ಅಡ್ಡಿ) ದೊಡ್ಡದು, ಅದು ಬಿಸಿಗೆ ಬದಲಾಗುವುದಿಲ್ಲ. ಊರೊಳಗೆ ಕರೆಂಟ್ ಹಂಚುವ 11 ಕೆ.ವಿ. ಫೀಡರ್ ಲೈನಿನಲ್ಲಿ ಹಾಗಲ್ಲ. ಅಲ್ಲಿ ರೆಸಿಸ್ಟೆನ್ಸ್ ರಿಯಾಕ್ಟೆನ್ಸಿಗೆ ಸಮಸಮ, ಕೆಲವು ಕಡೆ ಜಾಸ್ತಿಯೇ, ಹಾಗಾಗಿ ಕೊನೆಯ ಮನೆಯ ವೋಲ್ಟೇಜಿಗೂ ಬೇಸಿಗೆ ತಟ್ಟುತ್ತದೆ.

ನನ್ನ ಆಯ್ಕೆ ಮೂರನೆಯದೇ, ಆದರೆ ಎಲ್ಲ ಲೈನಿಗೂ ಅಲ್ಲ. ಹಗುರ ಲೋಡಿನ ಲೈನಿಗೆ ಅಷ್ಟು ಹವೆಯ ಅಂಕಿ ಕೂಡಿಸುವುದು ದಂಡ, ಆ ತಿಂಗಳ ಸರಾಸರಿ ಹವೆಗೆ ತಂತಿಯ ಬಿಸಿ ಒಂದೇ ಹಿಡಿದರೆ ಸಾಕು. ಭಾರ ಹೊತ್ತ ಲೈನಿಗೆ ಬೇಕೇ ಬೇಕು. ಅಲ್ಲೂ ಪುಣೆ ಊರೊಳಗಿನ ಶಿವಾಜಿನಗರದ ಹವಾಮಾನ ಕೇಂದ್ರದ ಅಂಕಿ ತಂದು ಲೋಣಾವಳದ ಘಟ್ಟದ ತುದಿಗೆ ಹಾಕಬೇಡಿ. ಘಟ್ಟದ ಮೇಲೆ ಜುಲೈ ಮೋಡದಲ್ಲಿ, 24 ಡಿಗ್ರಿ, ಗಾಳಿ 4 ಮೀಟರ್ ಅಂತ ಹಿಡಿದಾಗ ನಮಗೆ ತಂತಿ ಬರೀ 29 ಡಿಗ್ರಿ ಬಂತು. ಹಾಗಾಗಿ ಘಟ್ಟ ಹತ್ತುವ ಲೈನನ್ನು ಈಗ ಎರಡು ತುಂಡು ಮಾಡಿ, ಒಂದೊಂದಕ್ಕೂ ಅದರದೇ ಹವೆ ಕೊಡುತ್ತಿದ್ದೇವೆ.