ಹಾವು-ಹಲ್ಲಿ ಪಾರ್ಸೆಲ್: ‘ಶಿಪ್ ಯುವರ್ ರೆಪ್ಟೈಲ್ಸ್’ ಸೇವೆಗೆ ದುಡ್ಡು ಕೊಡಬಹುದೇ?

ಅಮೆರಿಕದಲ್ಲಿ ಬಾಲ್ ಪೈಥಾನ್ ಎಂಬ ಹೆಬ್ಬಾವು, ಲೆಪರ್ಡ್ ಗೆಕೊ ಎಂಬ ಹಲ್ಲಿ ಸಾಕಿ ಮಾರುವವರಿಗೆ ಅವನ್ನು ಕಳಿಸುವ ದಾರಿಗಳು ಬಹಳ ಇಲ್ಲ. ಅಲ್ಲಿನ ಸರ್ಕಾರಿ ಅಂಚೆ ಸಣ್ಣಪುಟ್ಟ ನಿರುಪದ್ರವಿ ಹಲ್ಲಿ, ಗೋಸುಂಬೆ, ಕಪ್ಪೆಗಳನ್ನು ಒಯ್ಯುತ್ತದೆ. ಆದರೆ ಹಾವು ಮತ್ತು ಆಮೆ ಯಾವ ಗಾತ್ರದ್ದಾದರೂ ಅಂಚೆಗೆ ನಿಷಿದ್ಧ. ಖಾಸಗಿ ಕೊರಿಯರ್ ಕಂಪನಿ ಯುಪಿಎಸ್ ಹಲ್ಲಿ-ಆಮೆಗಳಿಗೆ ಷರತ್ತಿನ ಮೇಲೆ ಒಪ್ಪುತ್ತದೆ, ಹಾವಿಗೆ ಒಪ್ಪುವುದಿಲ್ಲ. ಉಳಿದದ್ದು ಇನ್ನೊಂದು ಕೊರಿಯರ್, ಫೆಡೆಕ್ಸ್. ಅದು ಕೂಡ ಪ್ಯಾಕಿಂಗ್ ಮೊದಲೇ ಪರೀಕ್ಷೆಯಾಗಿ ಒಪ್ಪಿಗೆ ಪಡೆದಿದ್ದರೆ ಮಾತ್ರ ಪ್ರಾಣಿಯನ್ನು ಮುಟ್ಟುತ್ತದೆ. ಮನೆಯಲ್ಲಿ ನಾಲ್ಕು ಹಾವು ಸಾಕುವವರು ಆ ಒಪ್ಪಿಗೆಯ ಹಿಂದೆ ಓಡಾಡುವುದು ಆಗದ ಮಾತು.

‘ಶಿಪ್ ಯುವರ್ ರೆಪ್ಟೈಲ್ಸ್’ ತುಂಬುವ ಜಾಗ ಇದೇ. ಒಪ್ಪಿಗೆ ಅವರ ಹೆಸರಿನಲ್ಲಿದೆ. ನೀವು ಅವರಿಂದ ಫೆಡೆಕ್ಸ್ ಪ್ರಯಾರಿಟಿ ಓವರ್‌ನೈಟ್ (ಮರುದಿನವೇ ತಲುಪಿಸುವ ಸೇವೆ) ಲೇಬಲ್ ಕೊಂಡು, ಅವರು ಹೇಳಿದ ಬಗೆಯ ಪೆಟ್ಟಿಗೆಯಲ್ಲಿ ತುಂಬಿ, ಸಂಜೆ ಕೊಟ್ಟು ಬರುತ್ತೀರಿ. ಸಣ್ಣ ಪೆಟ್ಟಿಗೆಗೇ 40–50 ಡಾಲರ್ ಹತ್ತಿರ ಹೋಗುತ್ತದೆ, ದೂರ ಹೆಚ್ಚಿದಂತೆ ಏರುತ್ತದೆ. 60 ಡಾಲರಿನ ಕಾರ್ನ್ ಸ್ನೇಕ್ ಮರಿಗೆ ಅಷ್ಟೇ ಸಾಗಣೆ ವೆಚ್ಚ ಬಿದ್ದರೆ ಕೊಳ್ಳುವವರು ಮುಖ ಸಿಂಡರಿಸುವುದು ಸಹಜ. ಆದರೂ ನಮ್ಮ ಅಭಿಪ್ರಾಯದಲ್ಲಿ ಈ ದುಡ್ಡು ದಂಡವಲ್ಲ. ‘ಆಟಿಕೆ’ ಅಂತ ಬರೆದು ಹಾವು ಕಳಿಸುವವರು ಈಗಲೂ ಇದ್ದಾರೆ. ಅದು ಕಂಪನಿಯ ನಿಯಮ ಮುರಿದದ್ದಷ್ಟೇ ಅಲ್ಲ, ವನ್ಯಜೀವಿ ಸಾಗಣೆ-ಮಾರಾಟದ ಮೇಲಿನ ಅಮೆರಿಕದ ಲೇಸಿ ಕಾಯ್ದೆಯ ಉಲ್ಲಂಘನೆಯೂ ಹೌದು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ವನ್ಯಜೀವಿ ಪೆಟ್ಟಿಗೆಯ ಮೇಲೆ ಒಳಗೇನಿದೆ ಎಂಬುದು ಸ್ಪಷ್ಟವಾಗಿ ಇರಬೇಕು ಅನ್ನುತ್ತದೆ ಆ ಕಾಯ್ದೆ. ಕಳಿಸುವವರ, ಪಡೆಯುವವರ ಹೆಸರು-ವಿಳಾಸ, ಪ್ರಾಣಿಯ ಸಾಮಾನ್ಯ ಹೆಸರು, ವೈಜ್ಞಾನಿಕ ಹೆಸರು, ಎಷ್ಟಿವೆ ಎಂಬ ಲೆಕ್ಕ, ವಿಷದ್ದೋ ಅಲ್ಲವೋ ಎಂಬುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ‘ಬಾಲ್ ಪೈಥಾನ್, ಪೈಥಾನ್ ರೀಜಿಯಸ್, 2, ವಿಷರಹಿತ’ ಎಂದಿದ್ದರೆ ಸಾಕು, ಪುರಾಣ ಬೇಡ.

ಲೇಬಲ್ ಸಿಕ್ಕಿತೆಂದರೆ ಪ್ರಾಣಿಗೂ ಅನುಮತಿ ಸಿಕ್ಕಿತು ಅಂತಲ್ಲ. ಇಲ್ಲಿ ಎಡವುವವರು ಬಹಳ. ಹವಾಯಿಯಲ್ಲಿ ಹಾವು ಸಾಕುವಂತೆಯೇ ಇಲ್ಲ. ಜಾರ್ಜಿಯಾದಲ್ಲಿ ಅಲ್ಲಿನ ಸ್ಥಳೀಯ ವಿಷರಹಿತ ಹಾವುಗಳನ್ನು ಸಾಕುವಂತಿಲ್ಲ, ಅದರಲ್ಲಿ ಎಲ್ಲೆಡೆ ಮಾರಾಟವಾಗುವ ಕಾರ್ನ್ ಸ್ನೇಕ್ ಕೂಡ ಸೇರಿದೆ. ಚಿಪ್ಪು 4 ಇಂಚಿಗಿಂತ ಚಿಕ್ಕದಿರುವ ಆಮೆಯನ್ನು ಸಾಕಲು ಮಾರುವುದು ಸಾಲ್ಮೊನೆಲ್ಲಾ ಕಾರಣಕ್ಕೆ 1975ರಿಂದಲೇ ಬಂದ್. ಪಡೆಯುವವರ ರಾಜ್ಯ, ಕೌಂಟಿ, ಊರು ಮೂರರ ನಿಯಮವನ್ನೂ ನೋಡಿಕೊಳ್ಳುವ ಹೊಣೆ ನಿಮ್ಮದು, ಲೇಬಲ್ ಮಾರುವವರದ್ದಲ್ಲ. ವಿಷದ ಹಾವಿಗೆ ಈ ದಾರಿಯೇ ಬೇಡ. ಅದು ವಿಮಾನ ಕಂಪನಿಗಳ ಕಾರ್ಗೋ ಕೆಲಸ, ಪೆಟ್ಟಿಗೆಯೂ ಬೇರೆ, ಕಾಗದಪತ್ರವೂ ಬೇರೆ.

ಇನ್ನು ಪೆಟ್ಟಿಗೆ. ಮರಿಗಳಿಗೆ 12×9×6 ಇಂಚಿನ ರಟ್ಟಿನ ಪೆಟ್ಟಿಗೆ, ಒಳಗೆ ಮುಕ್ಕಾಲು ಇಂಚಿನ ಆರು ಥರ್ಮೋಕೋಲ್ ಹಲಗೆ. ಹಲಗೆ ಕೂರಿಸಿದ ಮೇಲೆ ಉಳಿಯುವುದು 10.5×7.5×4.5 ಇಂಚು ಮಾತ್ರ. ಕೊಳ್ಳುವಾಗ ಹೊರಗಿನ ಅಳತೆ ನೋಡಿ ಮೋಸಹೋಗಬೇಡಿ. ಹಾಗಂತ ದೊಡ್ಡದನ್ನು ತಂದರೆ ಬಾಡಿಗೆ ಏರುತ್ತದೆ. ಫೆಡೆಕ್ಸ್ ತೂಕದ ಜೊತೆ ಗಾತ್ರವನ್ನೂ ಲೆಕ್ಕ ಹಾಕುತ್ತದೆ: ಉದ್ದ, ಅಗಲ, ಎತ್ತರ ಗುಣಿಸಿ 139ರಿಂದ ಭಾಗಿಸಿದರೆ ಪೌಂಡ್ ಬರುತ್ತದೆ. 12×9×6ಕ್ಕೆ 4.66, ಅಂದರೆ 5 ಪೌಂಡ್. 15×11×7ಕ್ಕೆ 8.3, ಅಂದರೆ 9 ಪೌಂಡ್. ಒಳಗಿರುವುದು 80 ಗ್ರಾಂ ಹಾವೇ ಆದರೂ ದೊಡ್ಡ ಪೆಟ್ಟಿಗೆಗೆ 9 ಪೌಂಡಿನ ದರ. ಖಾಲಿ ಜಾಗ ಹೆಚ್ಚಿದಷ್ಟೂ ಒಳಗಿನ ಬಿಸಿ ನಿಲ್ಲುವುದೂ ಕಷ್ಟ.

ಹಲಗೆಗಳ ನಡುವೆ ಸಂದು ಬಿಡಬಾರದು. ಮೂಲೆಯಲ್ಲಿ ಒಂದು ಗೆರೆಯಷ್ಟು ಬೆಳಕು ಕಂಡರೂ ಜನವರಿಯ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಗಾಳಿಗೆ ಬೇಕಾದ ತೂತನ್ನು ನೀವೇ ಮಾಡಬೇಕು: ಎದುರುಬದುರು ಗೋಡೆಗಳಲ್ಲಿ ಪೆನ್ಸಿಲ್ ದಪ್ಪದ್ದು ಒಂದೊಂದು, ರಟ್ಟು-ಥರ್ಮೋಕೋಲ್ ಎರಡನ್ನೂ ದಾಟುವಂತೆ. ರಟ್ಟಿಗೆ ಮಾತ್ರ ಚುಚ್ಚಿ ಬಿಡುವುದು, ಇಲ್ಲವೇ ಕೊನೆಗೆ ಆ ತೂತಿನ ಮೇಲೇ ಲೇಬಲ್ ಅಂಟಿಸುವುದು, ಎರಡೂ ಮಾಮೂಲಿ ತಪ್ಪು.

ಈ ತೂತು ಪ್ರಾಣಿಯ ಉಸಿರಿಗಷ್ಟೇ ಅಲ್ಲ. ಚಳಿಯಲ್ಲಿ ಪೆಟ್ಟಿಗೆ ಬೆಚ್ಚಗಿಡಲು ಹಾಕುವ ಹೀಟ್ ಪ್ಯಾಕ್ ಒಳಗಿರುವುದು ಕಬ್ಬಿಣದ ಪುಡಿ. ಅದು ಗಾಳಿಯ ಆಕ್ಸಿಜನ್ ಹೀರಿ ತುಕ್ಕು ಹಿಡಿಯುವಾಗ ಬಿಸಿ ಬಿಡುತ್ತದೆ. ಗಾಳಿ ಇಲ್ಲದ ಪೆಟ್ಟಿಗೆಯಲ್ಲಿ ಪ್ಯಾಕ್ ಅರ್ಧಕ್ಕೇ ತಣ್ಣಗಾಗುತ್ತದೆ, ಅಷ್ಟರಲ್ಲಿ ಹಾವಿನ ಪಾಲಿನ ಆಕ್ಸಿಜನ್ನನ್ನೂ ತಿಂದಿರುತ್ತದೆ. ಕವರ್ ಹರಿದು, ಚೆನ್ನಾಗಿ ಅಲುಗಾಡಿಸಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹೊರಗಿಟ್ಟು, ಕೈಗೆ ಬಿಸಿ ಗೊತ್ತಾದ ಮೇಲೆ ಮುಚ್ಚಳದ ಹಲಗೆಯ ಒಳಬದಿಗೆ ಅಂಟಿಸಿ. ಟೇಪ್ ಅಂಚಿಗೆ ಮಾತ್ರ ಇರಲಿ, ಉಸಿರಾಡುವ ಮೈಗೆ ಬೇಡ. ಅದಕ್ಕೂ ಪ್ರಾಣಿಯಿರುವ ಚೀಲಕ್ಕೂ ನಡುವೆ ಮುದುಡಿದ ಪತ್ರಿಕೆ ಇರಲೇಬೇಕು, ಏಕೆಂದರೆ ಪ್ಯಾಕಿನ ಮೈ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಅಂಗಡಿಯಲ್ಲಿ ಯೂನಿಹೀಟ್ ಬ್ರಾಂಡಿನ ಹೀಟ್ ಪ್ಯಾಕ್ 40 ಗಂಟೆಯದ್ದೂ ಸಿಗುತ್ತದೆ, 72 ಗಂಟೆಯದ್ದೂ ಸಿಗುತ್ತದೆ. ಓವರ್‌ನೈಟ್ ಸಾಗಣೆಗೆ 40 ಗಂಟೆಯದ್ದು ತನ್ನಿ. ಪಾರ್ಸೆಲ್ ಒಂದು ದಿನ ತಡವಾದರೂ ತಡೆಯುತ್ತದೆ. ಇನ್ನು ಕಹಿ ಮಾತು: ಹೀಟ್ ಪ್ಯಾಕ್ ಬೇಕಾದುದಕ್ಕಿಂತ ಹೆಚ್ಚು ಬಳಕೆಯಾಗುವ ವಸ್ತು. ತಂಪಾದ ಹಾವು ಮಂಕಾಗಿ ಬಿದ್ದಿರುತ್ತದೆ, ಬೆಚ್ಚಗಾದರೆ ಚೇತರಿಸಿಕೊಳ್ಳುತ್ತದೆ. ಅತಿಯಾಗಿ ಬಿಸಿಯಾದ ಹಾವಿಗೆ ಆ ಅವಕಾಶ ಸಿಗುವುದಿಲ್ಲ. ದಾರಿಯುದ್ದಕ್ಕೂ ಹವೆ 21 ಡಿಗ್ರಿಗಿಂತ ಮೇಲಿದ್ದರೆ ಪ್ಯಾಕ್ ಹಾಕಲೇಬೇಡಿ. ಕ್ರೆಸ್ಟೆಡ್ ಗೆಕೊ 28 ಡಿಗ್ರಿ ದಾಟಿದರೇ ಸೋಲುವ ಜೀವಿ, ಅದಕ್ಕಂತೂ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿ. ಬೇಸಿಗೆಗೆ ಐಸ್ ಬೇಡ, 22 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಗಟ್ಟಿಯಾಗುವ ಜೆಲ್ ಪ್ಯಾಕ್ ಸಿಗುತ್ತದೆ, ಅದನ್ನು ಬಳಸಿ. ಹವಾಮಾನ ನೋಡುವಾಗ ನಿಮ್ಮೂರು, ಅವರೂರು ಮಾತ್ರ ಸಾಲದು. ಪಾರ್ಸೆಲ್ ನಡುರಾತ್ರಿ ಇಳಿದು ಹತ್ತುವುದು ಬಹುತೇಕ ಫೆಡೆಕ್ಸ್‌ನ ದೊಡ್ಡ ಕೇಂದ್ರಗಳಾದ ಮೆಂಫಿಸ್ ಇಲ್ಲವೇ ಇಂಡಿಯಾನಾಪೊಲಿಸ್‌ನಲ್ಲಿ, ಅಲ್ಲಿನದನ್ನೂ ನೋಡಿ. ಮೂರರಲ್ಲಿ ಯಾವುದಾದರೂ ಒಂದು ಕಡೆ 4 ಡಿಗ್ರಿಗಿಂತ ಕೆಳಗೆ ಅಥವಾ 32ಕ್ಕಿಂತ ಮೇಲೆ ಹೋಗುವಂತಿದ್ದರೆ ಆ ವಾರ ಬಿಟ್ಟುಬಿಡಿ. ಗಿರಾಕಿ ಕಾಯುತ್ತಾರೆ.

ಪ್ರಾಣಿಯ ತಯಾರಿ ಸುಲಭ, ತಾಳ್ಮೆ ಬೇಕಷ್ಟೆ. ಹಾವಿಗೆ ಕೊನೆಯ ಇಲಿ ತಿನ್ನಿಸಿ ಕನಿಷ್ಠ 5ರಿಂದ 7 ದಿನ ಆಗಿರಲಿ. ಹೊಟ್ಟೆ ತುಂಬಿದ್ದರೆ ದಾರಿಯಲ್ಲಿ ಕಕ್ಕಿ ಅದರಲ್ಲೇ ಹೊರಳಾಡುತ್ತದೆ. ಪೊರೆ ಬಿಡುವ ಹೊತ್ತಿನ ಹಾವನ್ನು ಕಳಿಸಬೇಡಿ. ಬಟ್ಟೆ ಚೀಲವನ್ನು ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ, ಹೊಲಿಗೆಯ ಎಳೆ ಒಳಗಿದ್ದರೆ ಹಾವಿನ ಹಲ್ಲಿಗೋ ಹಲ್ಲಿಯ ಉಗುರಿಗೋ ಸಿಕ್ಕುತ್ತದೆ. ಚೀಲದ ಕುತ್ತಿಗೆ ತಿರುಚಿ, ಮಡಚಿ, ಜಿಪ್ ಟೈ ಬಿಗಿಯಿರಿ. ಬರೀ ಗಂಟು ಹಾಕಿದರೆ ಮೂತಿಯಿಂದ ತಳ್ಳಿ ತಳ್ಳಿ ಸಡಿಲಿಸುವ ಹಾವುಗಳಿವೆ. ಮರಿಗಳಿಗೆ, ಗೆಕೊಗಳಿಗೆ ತೂತಿರುವ ಡೆಲಿ ಕಪ್ (ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ) ಒಳ್ಳೆಯದು: ಮರಿಗೆ 8 ಔನ್ಸಿನದು, ಬೆಳೆದ ಲೆಪರ್ಡ್ ಗೆಕೊಗೆ 32 ಔನ್ಸಿನದು. ಒಳಗೆ ನೀರು ಹಿಂಡಿ ತೆಗೆದ ಪೇಪರ್ ಟವೆಲ್ ಇರಲಿ, ತೊಟ್ಟಿಕ್ಕಬಾರದು. ಒಂದು ಕಪ್ಪಿಗೆ ಒಂದೇ ಪ್ರಾಣಿ.

ಕಳಿಸುವ ದಿನ ಸೋಮವಾರದಿಂದ ಬುಧವಾರ. ಗುರುವಾರ ಕಳಿಸಿ ಶುಕ್ರವಾರ ತಪ್ಪಿದರೆ ಶನಿ-ಭಾನು ಗೋದಾಮಿನಲ್ಲೇ. ಕೌಂಟರು ಆರಿಸುವುದೂ ಮುಖ್ಯ. ಫೆಡೆಕ್ಸ್‌ನ ಸ್ವಂತ ಶಿಪ್ ಸೆಂಟರಿಗೆ, ಕೊನೆಯ ಗಾಡಿ ಹೊರಡುವ ಸ್ವಲ್ಪ ಮೊದಲು ಕೊಡಿ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೊಟ್ಟರೆ ಅದು ಅಲ್ಲೇ ಒಂದು ಮೂಲೆಯಲ್ಲಿ ಕೂತಿರುತ್ತದೆ. ತಲುಪಿಸುವುದನ್ನೂ ಮನೆಬಾಗಿಲಿಗೆ ಬೇಡ, ಪಡೆಯುವವರ ಹತ್ತಿರದ ಶಿಪ್ ಸೆಂಟರಿನಲ್ಲಿ ಹಿಡಿದಿಡುವಂತೆ ಲೇಬಲ್ ಮಾಡುವಾಗಲೇ ಆರಿಸಿ. ಇಡೀ ಸೇವೆಯಲ್ಲಿ ನಮಗೆ ಅತಿ ಹೆಚ್ಚು ಇಷ್ಟವಾದದ್ದು ಇದೇ. ಮನೆಗೆ ತರಿಸಿದರೆ ಪೆಟ್ಟಿಗೆ ಬೆಳಗಿನಿಂದ ಬಿಸಿಲಿಗೆ ಕಾದ ವ್ಯಾನಿನ ಒಳಗೆ ಸುತ್ತುತ್ತಿರುತ್ತದೆ. ಸೆಂಟರಿನಲ್ಲಾದರೆ ನೆರಳಿನ ಕೋಣೆಯಲ್ಲಿರುತ್ತದೆ.

ಸಾವಿಗೆ ಫೆಡೆಕ್ಸ್ ಪರಿಹಾರ ಕೊಡುವುದಿಲ್ಲ, ಎಷ್ಟು ಬೆಲೆ ಘೋಷಿಸಿದರೂ. ಲೇಬಲ್ ಜೊತೆ ಬೇರೆಯಾಗಿ ಸಿಗುವ ಜೀವಂತ ತಲುಪುವಿಕೆಯ ವಿಮೆ ದುಬಾರಿ ಪ್ರಾಣಿಗೆ ತಕ್ಕದ್ದು, 50 ಡಾಲರಿನ ಮರಿಗೆ ಅಲ್ಲ. ಕೊಳ್ಳುವ ಮುನ್ನ ಉಷ್ಣಾಂಶ, ವಾರದ ದಿನ, ಸೆಂಟರಿನಲ್ಲಿ ಹಿಡಿದಿಡುವುದು, ಇವುಗಳ ಷರತ್ತು ಓದಿ. ಒಂದು ತಪ್ಪಿದರೂ ಹಣ ಬರುವುದಿಲ್ಲ.

ಇದನ್ನು ಓದುವ ಕೆಲವರು ಬೆಂಗಳೂರಿಗೆ ಕಳಿಸಬಹುದೇ ಅನ್ನುತ್ತಾರೆ. ಇಲ್ಲ, ಈ ಲೇಬಲ್ ಅಮೆರಿಕದೊಳಗಿನ ಸಾಗಣೆಗೆ ಮಾತ್ರ. ವಿದೇಶಿ ತಳಿಗೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದ) ಅನುಮತಿ, ಆಮದು ಪರವಾನಗಿ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಅಂತ ಬೇರೆಯೇ ದಾರಿ. ನಮ್ಮ ನಕ್ಷತ್ರ ಆಮೆ, ಹೆಬ್ಬಾವುಗಳನ್ನಂತೂ 1972ರ ವನ್ಯಜೀವಿ ಕಾಯ್ದೆಯಡಿ ಮನೆಯಲ್ಲಿ ಸಾಕುವುದೇ ಅಪರಾಧ.

ಪಡೆಯುವವರಿಗೆ ಇಷ್ಟು ಹೇಳಿ ಕಳಿಸಿ: ಸೆಂಟರಿನ ಕೌಂಟರಿನಿಂದ ಕದಲುವ ಮೊದಲೇ ಪೆಟ್ಟಿಗೆಯ ನಾಲ್ಕೂ ಬದಿಯ ಫೋಟೊ, ತೆರೆದ ಕೂಡಲೇ ಪ್ರಾಣಿಯ ಫೋಟೊ. ತಣ್ಣಗಿದ್ದರೆ ಕೋಣೆಯ ಬಿಸಿಯಲ್ಲಿ ನಿಧಾನವಾಗಿ ಎಚ್ಚರಗೊಳ್ಳಲಿ, ದೀಪದ ಕೆಳಗೆ ಇಡಬೇಡಿ. ನೀರು ಅಂದೇ ಕೊಡಿ, ಹಾವಿಗೆ ಇಲಿ ಒಂದು ವಾರದ ಮೇಲೆ.