ಸಿಮ್ಯುಲೇಟರಿಗೆ ಕಲೆಕ್ಟಿವ್ ಲಿವರ್: ಮೂರು ತಿಂಗಳು ಬಳಸಿದ ಮೇಲೆ

ಕಲೆಕ್ಟಿವ್ ಎಂದರೆ ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಲಿವರ್. ಇದು ಬರುವ ಮೊದಲು ಕಂಪ್ಯೂಟರಿನ ಹಾರಾಟದ ಸಿಮ್ಯುಲೇಟರಿನಲ್ಲಿ ಜಾಯ್‌ಸ್ಟಿಕ್ಕಿನ ಬುಡದಲ್ಲಿರುವ ಥ್ರಾಟಲ್ಲಿನಲ್ಲೇ ಹೆಲಿಕಾಪ್ಟರ್ ಹಾರಿಸುತ್ತಿದ್ದೆ. ಮೇಲೇರಲು ಅದನ್ನು ಮುಂದಕ್ಕೆ ತಳ್ಳಬೇಕು. ನಿಜವಾದ ಕಲೆಕ್ಟಿವ್ ಆದರೆ ಮೇಲಕ್ಕೆ ಎಳೆಯಬೇಕು. ಗಾಬರಿಯಾದಾಗಲೆಲ್ಲ ಕೈ ತಪ್ಪು ದಿಕ್ಕಿಗೇ ಹೋಗುತ್ತಿತ್ತು.

ಇದನ್ನು ಸೀಟಿನ ಎಡಪಕ್ಕಕ್ಕೆ ಬಿಗಿದುಕೊಳ್ಳಬೇಕು. ಎತ್ತಿದರೆ ಮುಖ್ಯ ರೋಟರಿನ ಎಲ್ಲ ಬ್ಲೇಡ್‌ಗಳ ಕೋನವೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಹೆಚ್ಚುತ್ತದೆ. ರೋಟರ್ ತಿರುಗುವ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಎಂಜಿನ್ನಿಗೆ ಹೊರೆ ಏರುತ್ತದೆ. ಸಿಮ್ಯುಲೇಟರಿನಲ್ಲಿ ನಾನು ಹಾರಿಸುವ ರಾಬಿನ್ಸನ್ ಆರ್22 ಹೆಲಿಕಾಪ್ಟರಿನಲ್ಲಿ ಆ ಹೊರೆಯನ್ನು ಗವರ್ನರ್, ಅಂದರೆ ಥ್ರಾಟಲನ್ನು ತಾನೇ ಹೊಂದಿಸುವ ಸಾಧನ, ನೋಡಿಕೊಳ್ಳುತ್ತದೆ. ಮುಂದಕ್ಕೆ ಹೋಗುವ ವೇಗ ಬಲಗೈಯ ಸೈಕ್ಲಿಕ್ಕಿನದು, ಅಂದರೆ ರೋಟರನ್ನು ಬೇಕಾದ ದಿಕ್ಕಿಗೆ ವಾಲಿಸುವ ಕೋಲಿನದು.

ಲಿವರಿಗೆ ಸ್ಪ್ರಿಂಗ್ ಇಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ. ನನಗೆ ಬೇಕಾಗಿದ್ದುದು ಇದೇ. 60 ನಾಟ್‌ನಲ್ಲಿ (ಗಂಟೆಗೆ ಸುಮಾರು 110 ಕಿ.ಮೀ.) ಹೋಗುತ್ತಿರುವಾಗ ಬೆರಳಗಲ ಎತ್ತಿ, ಮೂಗು ಏಳದಂತೆ ಸೈಕ್ಲಿಕ್ ಹಿಡಿದು, ಪಕ್ಕಕ್ಕೆ ತಿರುಗದಂತೆ ಎಡ ಪೆಡಲ್ ಒತ್ತಿದರೆ ವೇಗದ ಮುಳ್ಳು 60ರಲ್ಲೇ ಇರುತ್ತದೆ, ಎತ್ತರ ಏರುತ್ತಾ ಹೋಗುತ್ತದೆ. ಹಾಗೆಂದು ಎರಡು ಕೈಗಳಿಗೂ ಸಂಬಂಧವೇ ಇಲ್ಲವೆಂದಲ್ಲ. ಗಾಳಿಯಲ್ಲಿ ನಿಂತಲ್ಲಿಂದ ಸೈಕ್ಲಿಕ್ ಮುಂದೊತ್ತಿದ ಕೂಡಲೇ ತುಸು ಇಳಿಯುತ್ತದೆ. ಸುಮಾರು 20 ನಾಟ್ ಆಸುಪಾಸಿನಲ್ಲಿ ರೋಟರಿಗೆ ಹೊಸ ಗಾಳಿ ಸಿಕ್ಕಿ, ಲಿವರ್ ಮುಟ್ಟದಿದ್ದರೂ ತಾನೇ ಏರತೊಡಗುತ್ತದೆ. ಥ್ರಾಟಲ್ ಹಿಡಿದು ಪರದಾಡುತ್ತಿದ್ದ ದಿನಗಳಲ್ಲಿ ಇದು ನನ್ನ ಗಮನಕ್ಕೇ ಬಂದಿರಲಿಲ್ಲ.

ಎರಡನೇ ತಿಂಗಳಿಗೆ ಬಿಗಿ ಹೊಂದಿಸುವ ತಿರುಪು ಸಡಿಲವಾಯಿತು. ಕೈಬಿಟ್ಟು ನಕ್ಷೆ ನೋಡಿ ತಲೆಯೆತ್ತುವಷ್ಟರಲ್ಲಿ 400 ಅಡಿ ಇಳಿದಿದ್ದೆ. ವೇಗದಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ, ಹಾಗಾಗಿ ಇಳಿಯುತ್ತಿದ್ದುದು ಗೊತ್ತೇ ಆಗಲಿಲ್ಲ. ತಯಾರಕರನ್ನು ಕೇಳಿದರೆ ಬಿಗಿ ಮಾಡಿಕೊಳ್ಳಿ ಎಂದಷ್ಟೇ ಉತ್ತರ. ಕೊನೆಗೆ ಒಳಗೊಂದು ಫೆಲ್ಟ್ ವಾಷರ್ ಕತ್ತರಿಸಿ ಹಾಕಿದೆ, ಆಮೇಲೆ ಜಾರಿಲ್ಲ.

ಕೈಪಿಡಿಯ ಬಗ್ಗೆ ನನ್ನ ದೂರು ದೊಡ್ಡದು. ‘ಏರಲು ಎತ್ತಿ, ಇಳಿಯಲು ತಗ್ಗಿಸಿ’ ಎಂದಷ್ಟೇ ಇದೆ. 30 ನಾಟ್‌ಗಿಂತ ಕಡಿಮೆ ವೇಗದಲ್ಲಿ, ಎಂಜಿನ್ ಬಲದೊಂದಿಗೆ, ನಿಮಿಷಕ್ಕೆ 300 ಅಡಿಗಿಂತ ಜೋರಾಗಿ ಇಳಿದರೆ ರೋಟರ್ ತಾನೇ ಕೆಳಗೆ ತಳ್ಳಿದ ಗಾಳಿಯ ಸುಳಿಗೆ ಸಿಲುಕಬಹುದು. ಆಗ ಎತ್ತಿದಷ್ಟೂ ಕುಸಿತ ಹೆಚ್ಚು! ಲಿವರ್ ತಗ್ಗಿಸಿ, ಸೈಕ್ಲಿಕ್ ಮುಂದೊತ್ತಿ ಆ ಸುಳಿಯಿಂದ ಹೊರಗೆ ಬರಬೇಕು. ಹೊಸಬರು ಮೊದಲು ಬೀಳುವುದೇ ಇಲ್ಲಿ. ಮುಂದಿನ ಕೈಪಿಡಿಯಲ್ಲಾದರೂ ಇದನ್ನು ಸೇರಿಸಿ ಎಂದು ಅವರಿಗೆ ಬರೆದಿದ್ದೇನೆ.